ಬೆಟ್ಟದ ತುದಿಯ ರಾಜಧಾನಿ ಐಜ್ವಾಲ್



ಇವತ್ತು ನಾವು ಒಂದು ದೂರದ ಊರಿನ ಮಾತು ಆಡೋಣ. ಊರಿನ ಹೆಸರು ಐಜ್ವಾಲ್. ಅಲ್ಲಿಯವರು ಐಜೋಲ್ ಅಂತಾರೆ. ಅದು ಮಿಜೋರಾಂ ರಾಜ್ಯದ ರಾಜಧಾನಿ. ನಮಗೆ ಬೆಂಗಳೂರು ಹೇಗೋ ಅವರಿಗೆ ಐಜ್ವಾಲ್ ಹಾಗೆ.

ಭಾರತದ ನಕ್ಷೆ ತೆಗೆದು ನೋಡಿ. ಬಲಗಡೆ, ಬಾಂಗ್ಲಾದೇಶಕ್ಕೂ ಮ್ಯಾನ್ಮಾರ್ ದೇಶಕ್ಕೂ ನಡುವೆ, ಕೆಳಕ್ಕೆ ಇಳಿಬಿದ್ದ ಒಂದು ತುಂಡು ಕಾಣುತ್ತದೆ. ಅದೇ ಮಿಜೋರಾಂ. ಪೂರಾ ಬೆಟ್ಟ, ಪೂರಾ ಬಿದಿರು. ಐಜ್ವಾಲ್ ಇರುವುದು ಸುಮಾರು 1,130 ಮೀಟರ್ ಎತ್ತರದಲ್ಲಿ. ಹೆಚ್ಚುಕಡಿಮೆ ನಮ್ಮ ಮಡಿಕೇರಿಯಷ್ಟು ಎತ್ತರ ಅಂದುಕೊಳ್ಳಿ. ಆದರೆ ಮಡಿಕೇರಿಗಿಂತ ಬಹಳ ದೊಡ್ಡ ಊರು. 2011ರ ಜನಗಣತಿಯಲ್ಲಿ ಸುಮಾರು 2 ಲಕ್ಷ 93 ಸಾವಿರ ಜನ ಇದ್ದರು.

ಐ ಅಂದರೆ ಅವರ ಮಾತಲ್ಲಿ ಶುಂಠಿ, ಏಲಕ್ಕಿ ಜಾತಿಯ ಒಂದು ಗಿಡ. ಜೋಲ್ ಅಂದರೆ ಬಯಲು. ಹೆಸರಲ್ಲಿ ಮಾತ್ರ ಬಯಲು. ಊರಲ್ಲಿ ಚಪ್ಪಟೆ ನೆಲ ಸಿಗುವುದು ಬಲು ಕಷ್ಟ. ಮನೆಗಳನ್ನು ಇಳಿಜಾರಿನಲ್ಲೇ ಕಟ್ಟಿದ್ದಾರೆ. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತಿನ ಮನೆ. ಹಿಂದಿನಿಂದ ನೋಡಿದರೆ ನಾಲ್ಕು ಅಂತಸ್ತು, ಐದು ಅಂತಸ್ತು. ಕೆಳಗಿನ ಮನೆಯ ಮಾಡು, ಮೇಲಿನ ಮನೆಯ ಅಂಗಳ. ರಸ್ತೆಗಳು ಕಿರಿದು, ವಾಹನಗಳು ಜಾಸ್ತಿ. ಆದರೂ ಒಂದರ ಹಿಂದೆ ಒಂದು ಸಾಲಾಗಿ ಹೋಗ್ತವೆ. ಸುಮ್ಮಸುಮ್ಮನೆ ಹಾರ್ನ್ ಹೊಡೆಯೋದಿಲ್ಲ. ನಮ್ಮ ಬಸ್ ಸ್ಟ್ಯಾಂಡಿನವರು ಒಮ್ಮೆ ಹೋಗಿ ನೋಡಿ ಬರಬೇಕು!

ಬೆಟ್ಟದ ತುದಿಯ ಊರು ಅಂದಮೇಲೆ ನೀರಿಗೆ ಏನು ಮಾಡ್ತಾರೆ? ನಮಗೆ ಮೊದಲು ಬರುವ ಪ್ರಶ್ನೆ ಇದೇ ತಾನೆ. ನೀರು ಹೊರುವವರು ನಾವೇ ಅಲ್ಲವೇ?

ತ್ಲಾಂಗ್ ಅನ್ನುವ ನದಿ ಎಲ್ಲೋ ಕೆಳಗೆ ಕಣಿವೆಯಲ್ಲಿ ಹರಿಯುತ್ತದೆ. ಅಲ್ಲಿಂದ ದೊಡ್ಡ ಪಂಪುಗಳಿಟ್ಟು ಬೆಟ್ಟದ ಮೇಲಕ್ಕೆ ನೀರು ಎತ್ತುತ್ತಾರೆ. ಅದಕ್ಕೆ ಬಹಳ ಕರೆಂಟು ಬೇಕು, ಬಹಳ ಹಣ ಬೇಕು. ಅದಷ್ಟೇ ನಂಬಿ ಕೂತರೆ ಆಗುವುದಿಲ್ಲ. ಅದಕ್ಕೇ ಮನೆಮನೆಯವರು ಮಳೆ ನೀರು ಹಿಡಿಯುತ್ತಾರೆ. ಮಾಡಿಗೆ ತಗಡು ಹೊದಿಸಿರುತ್ತಾರೆ. ತಗಡಿನ ಅಂಚಿಗೆ ದೋಣಿಯ ಹಾಗೆ ಅರ್ಧ ಕೊಳವೆ ಕಟ್ಟುತ್ತಾರೆ. ಮಳೆ ನೀರು ಅದರಲ್ಲಿ ಹರಿದು ತೊಟ್ಟಿಗೆ ಬೀಳುತ್ತದೆ. ಮೇ ತಿಂಗಳಿಂದ ಐದಾರು ತಿಂಗಳು ಒಳ್ಳೆ ಮಳೆ. ಆಮೇಲೆ ಒಣ ತಿಂಗಳುಗಳು ಬಂದರೆ ತೊಟ್ಟಿಯ ನೀರೇ ಗತಿ.

ಹಿಂದೆ ಇದೂ ಇರಲಿಲ್ಲ. ಊರ ಕೆಳಗೆ ಒರತೆ ಇರುತ್ತಿತ್ತು. ಹೆಂಗಸರು ಬಿದಿರಿನ ಕೊಳವೆಗಳಲ್ಲಿ ನೀರು ತುಂಬಿ, ಬುಟ್ಟಿಯಲ್ಲಿ ನಿಲ್ಲಿಸಿ, ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು ಬೆಟ್ಟ ಹತ್ತುತ್ತಿದ್ದರು. ಆ ಕಾಲದಲ್ಲಿ ಹುಟ್ಟಿದ ಒಂದು ಗಾದೆ ಮಿಜೋ ಮಾತಲ್ಲಿದೆ: ಹೆಂಗಸಿನ ಬುದ್ಧಿ ಒರತೆ ದಾಟೋದಿಲ್ಲ. ಕೇಳಿದಿರಾ? ನಮ್ಮಲ್ಲಿ ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಅಂತಾರಲ್ಲ, ಅದರ ಅಕ್ಕನೋ ತಂಗಿಯೋ ಇರಬೇಕು ಈ ಗಾದೆ. ನೀರು ಹೊತ್ತು ತಂದವಳು ಅವಳು. ಮನೆಯಲ್ಲಿ ಕೂತು ಗಾದೆ ಕಟ್ಟಿದವರು ಯಾರೋ!

ಈಗ ಅಕ್ಷರದ ಮಾತಿಗೆ ಬರೋಣ. ಮಿಜೋ ಜನರ ಭಾಷೆಗೆ ಹಿಂದೆ ಲಿಪಿಯೇ ಇರಲಿಲ್ಲ. ಅವರಲ್ಲಿ ಒಂದು ಕಥೆ ಇದೆ. ದೇವರು ಅವರಿಗೂ ಚರ್ಮದ ಮೇಲೆ ಅಕ್ಷರ ಬರೆದು ಕೊಟ್ಟಿದ್ದನಂತೆ. ಅದನ್ನು ನಾಯಿ ತಿಂದುಬಿಟ್ಟಿತಂತೆ. 1890ರಲ್ಲಿ ಇಂಗ್ಲಿಷರು ಐಜ್ವಾಲ್‌ನಲ್ಲಿ ಕೋಟೆ ಮಾಡಿಕೊಂಡರು. 1894ರ ಜನವರಿಯಲ್ಲಿ ಲೊರೇನ್ ಮತ್ತು ಸ್ಯಾವಿಜ್ ಎಂಬ ಇಬ್ಬರು ಕ್ರೈಸ್ತ ಪಾದ್ರಿಗಳು ತ್ಲಾಂಗ್ ನದಿಯಲ್ಲಿ ದೋಣಿ ಹತ್ತಿ ಸಾಯ್‌ರಂಗ್ ಎಂಬಲ್ಲಿಗೆ ಬಂದು ಇಳಿದರು. ಅಲ್ಲಿಂದ ಐಜ್ವಾಲ್‌ಗೆ ಬಂದರು. ಜನರ ಮಾತು ಕಲಿತರು. ಇಂಗ್ಲಿಷ್ ಬರೆಯುವ ಅಕ್ಷರಗಳನ್ನೇ ಮಿಜೋ ಮಾತಿಗೆ ಹೊಂದಿಸಿದರು. ಇವತ್ತು ಅವರ ವರ್ಣಮಾಲೆಯಲ್ಲಿ 25 ಅಕ್ಷರ. ನಾವು 49 ಕಲಿತೆವು, ಮೇಲೆ ಒತ್ತಕ್ಷರದ ಕಾಟ ಬೇರೆ. ಬೆನ್ನು ತಟ್ಟಿಕೊಳ್ಳೋಣ.

ಅದೇ ವರ್ಷ ಅವರು ಒಂದು ಶಾಲೆ ತೆರೆದರು. ಬಂದವರು ಇಬ್ಬರೇ. ಇಬ್ಬರೂ ಗಂಡಸರು. ಮಿಜೋ ಭಾಷೆಯಲ್ಲಿ ಮೊದಲು ಅಚ್ಚಾದ ಪುಸ್ತಕ 1895ರಲ್ಲಿ ಬಂತು. ಅದು ಯಾವ ಪುಸ್ತಕ ಗೊತ್ತೇ? ಓದು ಕಲಿಸುವ ಪುಸ್ತಕ. ನಮ್ಮ ಕೈಯಲ್ಲಿರುವಂಥದ್ದೇ.

ಇಬ್ಬರಿಂದ ಶುರುವಾದದ್ದು ಎಲ್ಲಿಗೆ ಬಂತು ನೋಡಿ. 2011ರಲ್ಲಿ ಐಜ್ವಾಲ್ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 98 ಜನ ಓದುಬರಹ ಬಲ್ಲವರು. 2023ರಲ್ಲಿ ರಾಜ್ಯದ ಮನೆಮನೆಗೆ ಹೋಗಿ ಓದು ಬಾರದವರನ್ನು ಹುಡುಕಿದರು. 3,026 ಜನ ಸಿಕ್ಕಿದರು. ಅವರಲ್ಲಿ 1,692 ಜನ ಕಲಿಯಲು ಕೂತರು. 2025ರ ಮೇ 20ರಂದು ಐಜ್ವಾಲ್‌ನಲ್ಲಿ ಮಿಜೋರಾಂ ಪೂರ್ಣ ಸಾಕ್ಷರ ರಾಜ್ಯ ಅಂತ ಸಾರಿದರು. ಈಗಿನ ಉಲ್ಲಾಸ್ ಕಾರ್ಯಕ್ರಮದ ಲೆಕ್ಕದಲ್ಲಿ ಹಾಗೆ ಸಾರಿದ ಮೊದಲ ರಾಜ್ಯ ಅದು.

ಅಕ್ಷರ ಕಲಿತು ಅಲ್ಲಿ ಏನು ಮಾಡ್ತಾರೆ? ಒಂದು ಚೆಂದದ ವಿಷಯ ಹೇಳ್ತೇವೆ. ಐಜ್ವಾಲ್‌ನಿಂದ ಹೊರಗೆ ಹೋಗುವ ಹೆದ್ದಾರಿಯಲ್ಲಿ, ಸೇಲಿಂಗ್ ಎಂಬ ಊರಿನ ಕಡೆ, ಬಿದಿರಿನ ಪುಟ್ಟ ಅಂಗಡಿಗಳಿವೆ. ತರಕಾರಿ, ಹಣ್ಣು, ಒಣಮೀನು ಇಟ್ಟಿರುತ್ತಾರೆ. ಆದರೆ ಅಂಗಡಿಯಲ್ಲಿ ಯಾರೂ ಇರೋದಿಲ್ಲ! ಮನೆಯವರು ಹೊಲಕ್ಕೆ ಹೋಗಿರುತ್ತಾರೆ. ರಟ್ಟಿನ ಮೇಲೆ ಬೆಲೆ ಬರೆದಿರುತ್ತಾರೆ. ಪಕ್ಕದಲ್ಲಿ ಹಣದ ಡಬ್ಬ. ಬಂದವರು ಬೆಲೆ ಓದಿ, ಡಬ್ಬದಲ್ಲಿ ಹಣ ಹಾಕಿ, ಸಾಮಾನು ತಗೊಂಡು ಹೋಗ್ತಾರೆ. ಜನರ ಪ್ರಾಮಾಣಿಕತೆ ದೊಡ್ಡದು, ಎಲ್ಲರೂ ಅದನ್ನು ಹೊಗಳ್ತಾರೆ. ನಮಗೆ ಇನ್ನೊಂದೂ ಕಾಣುತ್ತದೆ. ಬೆಳೆದವಳಿಗೆ ಬರೆಯಲು ಬರಬೇಕು, ಕೊಳ್ಳುವವನಿಗೆ ಓದಲು ಬರಬೇಕು. ಇಲ್ಲದಿದ್ದರೆ ಆ ಅಂಗಡಿ ನಡೆಯುವುದೇ ಇಲ್ಲ.

ಊರೊಳಗಿನ ದೊಡ್ಡ ಪೇಟೆಯ ಹೆಸರು ಬಡಾ ಬಜಾರ್. ಅಲ್ಲಿ ವ್ಯಾಪಾರಕ್ಕೆ ಕೂತವರಲ್ಲಿ ಹೆಂಗಸರೇ ಹೆಚ್ಚು. ಭಾನುವಾರ ಮಾತ್ರ ಪೇಟೆ ಬಂದ್. ಎಲ್ಲರೂ ಚರ್ಚಿಗೆ ಹೋಗ್ತಾರೆ.

ಚರ್ಚು ಅಂದಾಗ ಹಿಡಿ ಅಕ್ಕಿಯ ಮಾತು ಹೇಳಲೇಬೇಕು. 1910ರಲ್ಲಿ ಶುರುವಾದದ್ದು. ಅನ್ನಕ್ಕಿಡುವಾಗ ಪ್ರತಿ ಸಲವೂ ಮನೆಯಾಕೆ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಪಾತ್ರೆಗೆ ಹಾಕುತ್ತಾಳೆ. ಹೆಂಗಸರು ಮನೆಮನೆಯಿಂದ ಅದನ್ನು ಕೂಡಿಸಿ ಮಾರುತ್ತಾರೆ. ಹಣ ಚರ್ಚಿನ ಕೆಲಸಕ್ಕೆ ಹೋಗುತ್ತದೆ. ನಮ್ಮ ಕಡೆಯೂ ಹಾಸ್ಟೆಲಿಗೆ, ಮಠಕ್ಕೆ ಮುಷ್ಟಿ ಅಕ್ಕಿ ಎತ್ತುವುದು ಹಳಬರಿಗೆ ಗೊತ್ತು. ಅಲ್ಲಿ ನೂರು ವರ್ಷ ದಾಟಿದರೂ ಅದು ನಿಂತಿಲ್ಲ.

ಆ ಅಕ್ಕಿಯೇ ಇಲ್ಲದ ಕಾಲವೂ ಬಂದಿತ್ತು. ಸುಮಾರು 48 ವರ್ಷಕ್ಕೊಮ್ಮೆ ಅಲ್ಲಿಯ ಒಂದು ಜಾತಿಯ ಬಿದಿರು ಒಟ್ಟಿಗೇ ಹೂ ಬಿಡುತ್ತದೆ. ಬಿದಿರಕ್ಕಿ ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಬಿದಿರಕ್ಕಿ ಮುಗಿದ ಮೇಲೆ ಭತ್ತಕ್ಕೆ ಬೀಳುತ್ತವೆ. 1959ರಲ್ಲಿ ಹೀಗೇ ಬರ ಬಂತು. ಸರ್ಕಾರ ತಮ್ಮ ಕೂಗು ಕೇಳಲಿಲ್ಲ ಅಂತ ಜನಕ್ಕೆ ಸಿಟ್ಟು ಬಂತು. ಆ ಸಿಟ್ಟು ಬೆಳೆದು 1966ರಲ್ಲಿ ಬಂಡಾಯ ಆಯಿತು. ಆ ವರ್ಷ ಮಾರ್ಚ್ 5ರಂದು ನಮ್ಮ ದೇಶದ್ದೇ ವಿಮಾನಗಳು ಐಜ್ವಾಲ್ ಮೇಲೆ ಬಾಂಬು ಹಾಕಿದವು. ಪೇಟೆ ಸುಟ್ಟಿತು. ಮಕ್ಕಳನ್ನು ಎತ್ತಿಕೊಂಡು ಜನ ಕಾಡಿಗೆ ಓಡಿದರು. ಆಮೇಲೆ 20 ವರ್ಷ ಬಂದೂಕು, ಕರ್ಫ್ಯೂ. ಕಡೆಗೆ 1986ರ ಜೂನ್ 30ರಂದು ಒಪ್ಪಂದ ಆಯಿತು. 1987ರಲ್ಲಿ ಮಿಜೋರಾಂ ಪೂರ್ಣ ರಾಜ್ಯವಾಯಿತು. ಆವತ್ತಿನಿಂದ ಶಾಂತಿ ಉಳಿದಿದೆ.

ಹಾಗಾದರೆ ಅಲ್ಲಿಯ ಅಕ್ಕತಂಗಿಯರಿಗೆ ಎಲ್ಲಾ ಸುಖವೇ? ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಓದು ಬಂದರೂ ಆಸ್ತಿ ಬರಲಿಲ್ಲ. ಹಳೆ ಪದ್ಧತಿಯಲ್ಲಿ ಮನೆ ಆಸ್ತಿ ಕಿರಿಯ ಮಗನಿಗೆ. ಗಂಡ ಬೇಡ ಅಂದರೆ ಹೆಂಡತಿ ತಾನು ತಂದದ್ದನ್ನಷ್ಟೇ ಎತ್ತಿಕೊಂಡು ಹೊರಡಬೇಕಿತ್ತು. 1974ರಲ್ಲಿ ಹೆಂಗಸರು ಒಂದು ದೊಡ್ಡ ಸಂಘ ಕಟ್ಟಿಕೊಂಡರು. ಕಾನೂನು ಬದಲಾಗಬೇಕು ಅಂತ ವರ್ಷಗಟ್ಟಲೆ ಪಟ್ಟು ಹಿಡಿದರು. 2014ರಲ್ಲಿ ಹೊಸ ಕಾನೂನು ಬಂತು. ಸಂಸಾರದಲ್ಲಿ ದುಡಿದು ಗಳಿಸಿದ ಆಸ್ತಿಯಲ್ಲಿ ಹೆಂಡತಿಯೂ ಪಾಲು ಕೇಳಬಹುದು ಅಂತಾಯಿತು. ನೋಡಿ, ಮೊದಲ ಪುಸ್ತಕ ಬಂದದ್ದು 1895ರಲ್ಲಿ. ಈ ಕಾನೂನು ಬಂದದ್ದು 2014ರಲ್ಲಿ. ಲೆಕ್ಕ ನೀವೇ ಹಾಕಿ.

ವಿಧಾನಸಭೆಯದೂ ಅದೇ ಕಥೆ. ಓಟು ಹಾಕುವವರಲ್ಲಿ ಹೆಂಗಸರೇ ಜಾಸ್ತಿ. 40 ಸೀಟು ಇದೆ. 2018ರಲ್ಲಿ ಒಬ್ಬ ಹೆಂಗಸೂ ಗೆಲ್ಲಲಿಲ್ಲ. 2023ರಲ್ಲಿ ಮೂವರು ಗೆದ್ದರು. ಅವರಲ್ಲಿ ಒಬ್ಬರು ಬ್ಯಾರಿಲ್ ವನ್ನೇಹ್‌ಸಂಗಿ. 2024ರಲ್ಲಿ ಅವರು ಆ ಸಭೆಯ ಮೊದಲ ಮಹಿಳಾ ಸಭಾಧ್ಯಕ್ಷೆ ಆದರು. ಅವರು ಏಳಿ ಅಂದರೆ ಏಳಬೇಕು, ಕೂತ್ಕೊಳ್ಳಿ ಅಂದರೆ ಕೂರಬೇಕು, ಮಂತ್ರಿಗಳೂ ಅಷ್ಟೇ. ಒರತೆ ಎಲ್ಲಿ ಉಳಿಯಿತೋ!

ಬೆಟ್ಟದ ಊರಿಗೆ ಬೆಟ್ಟದ್ದೇ ಭಯ ಇದೆ. ಜೋರು ಮಳೆಗೆ ಮಣ್ಣು ಕುಸಿಯುತ್ತದೆ. 2024ರ ಮೇ ತಿಂಗಳಲ್ಲಿ ರೆಮಲ್ ಚಂಡಮಾರುತ ಬಂದಾಗ ಊರಂಚಿನ ಕಲ್ಲುಗಣಿ ಕುಸಿದು ಹತ್ತಕ್ಕೂ ಹೆಚ್ಚು ಜನ ಸತ್ತರು. ಇಳಿಜಾರು ಕಡಿದು ಕಡಿದು ಮನೆ ಕಟ್ಟುತ್ತಾ ಹೋದರೆ ಬೆಟ್ಟ ಎಷ್ಟು ದಿನ ತಡೆದೀತು?

ನಿಮ್ಮಲ್ಲಿ ಯಾರಾದರೂ ಹೋಗಿ ನೋಡಬೇಕು ಅಂದರೆ ಈಗ ದಾರಿ ಸುಲಭ. 2025ರ ಸೆಪ್ಟೆಂಬರ್ 13ರಂದು ಸಾಯ್‌ರಂಗ್‌ವರೆಗೆ ಹೊಸ ರೈಲು ದಾರಿ ತೆರೆದರು. ಹೌದು, ಆ ಪಾದ್ರಿಗಳು ದೋಣಿಯಿಂದ ಇಳಿದ ಸಾಯ್‌ರಂಗೇ. 51 ಕಿಲೋಮೀಟರ್ ದಾರಿಗೆ ಹತ್ತಾರು ಸುರಂಗ ಕೊರೆದಿದ್ದಾರೆ. ಮಿಜೋರಾಂ ಒಳಗೆ ಹೋಗಲು ಹೊರಗಿನವರಿಗೆ ಅನುಮತಿ ಚೀಟಿ ಬೇಕು. ಅರ್ಜಿಯಲ್ಲಿ ಹೆಸರು, ಊರು, ಯಾಕೆ ಬಂದಿರಿ ಅಂತ ಬರೆಯಬೇಕು. ಬರೆದರಾಯಿತು, ಈಗ ನಮಗೇನು ಭಯ? ರೈಲಿನ ಟಿಕೆಟ್ಟಿನಲ್ಲಿ ಐಜ್ವಾಲ್ ಅಂತ ಹುಡುಕಬೇಡಿ. ಸಾಯ್‌ರಂಗ್ ಅಂತ ಇರುತ್ತದೆ. ಅಲ್ಲಿ ಇಳಿದು, ಗಾಡಿ ಹಿಡಿದು, ಇನ್ನೂ ಸುಮಾರು 20 ಕಿಲೋಮೀಟರ್ ಬೆಟ್ಟ ಹತ್ತಬೇಕು.