ನೀರೊಳ್ಳೆ ಹಾವು: ಗುರುತೂ ಸಾಕಣೆಯೂ
(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಹಾವಿನ ವಿಷಯವಾಗಿ ಮಾತನಾಡಲು ನಾವು ಹಾವಾಡಿಗರೂ ಅಲ್ಲ, ಪ್ರಾಣಿಶಾಸ್ತ್ರ ಓದಿದವರೂ ಅಲ್ಲ. ಎರಡು ತಪ್ಪು ಮಾಡಿ ಪಾಠ ಕಲಿತವರು. ಆ ಒಂದು ಅಧಿಕಾರದಿಂದ ನಾಲ್ಕು ಮಾತು ಹೇಳುತ್ತೇವೆ.

ಕೆಲವು ಮಳೆಗಾಲಗಳ ಹಿಂದೆ ನಮ್ಮ ಚಾಳಿನ ಮೋರಿಯಿಂದ ಒಂದು ಹಾವು ಮೆಟ್ಟಿಲಿನ ಕಡೆಗೆ ಬಂತು. ನಾವು ಕೋಲೆತ್ತಿದೊಡನೆ ಅದು ತಲೆಯೆತ್ತಿ, ಕುತ್ತಿಗೆಯನ್ನು ಚಪ್ಪಟೆ ಮಾಡಿತು. 'ನಾಗರ!' ಎಂದು ಯಾರೋ ಕೂಗಿದರು. ಮುಂದಿನದನ್ನು ವಿವರಿಸಬೇಕಾಗಿಲ್ಲ. ಆಮೇಲೆ ನೆರೆಯ ಮರಾಠಿ ಮುದುಕರೊಬ್ಬರು ಬಂದು ನೋಡಿ, 'ಇದು ದಿವಡ, ಪಾಪ, ಇದರಿಂದ ಯಾರು ಸಾಯುತ್ತಾರೆ?' ಎಂದರು. ದಿವಡವೆಂದರೆ ನಮ್ಮ ನೀರೊಳ್ಳೆ. ಊರಿನ ಗದ್ದೆಯ ಬದುವಿನ ಮೇಲೆ ಬಾಲ್ಯದಲ್ಲಿ ದಿನವೂ ಕಂಡ ಹಾವನ್ನು ಮುಂಬಯಿಯಲ್ಲಿ ಗುರುತಿಸಲಾರದೆ ಹೋದೆವು. ಇದು ಮೊದಲನೆಯ ತಪ್ಪು.

ಹಾಗಾದರೆ ಗುರುತು ಯಾವುದು? ಇಂಗ್ಲಿಷಿನಲ್ಲಿ ಈ ಬಳಗಕ್ಕೆ ಕೀಲ್‌ಬ್ಯಾಕ್ ಎನ್ನುತ್ತಾರೆ. ಬೆನ್ನಿನ ಒಂದೊಂದು ಹುರುಪೆಯ ನಡುವೆಯೂ ದೋಣಿಯ ತಳದಲ್ಲಿರುವಂತಹ ಸಣ್ಣ ಏಣು ಇರುವುದರಿಂದ ಆ ಹೆಸರು. ಆದರೆ ಏಣನ್ನೇ ನಂಬಿ ಕೈಹಾಕಬೇಡಿ. ಕೊಳಕುಮಂಡಲದ ಹುರುಪೆಗೂ ಏಣುಂಟು! ನೀರೊಳ್ಳೆಯ ನಿಜವಾದ ಗುರುತು ಮುಖದಲ್ಲಿದೆ. ಕಣ್ಣಿನಿಂದ ಎರಡು ಕಪ್ಪು ಗೆರೆಗಳು ಓರೆಯಾಗಿ ಇಳಿದಿರುತ್ತವೆ, ಒಂದು ಮೇಲ್ದುಟಿಗೆ, ಇನ್ನೊಂದು ಬಾಯಿಯ ಮೂಲೆಯ ಕಡೆಗೆ. ಮೈಮೇಲೆ ಚದುರಂಗದ ಹಲಗೆಯಂತೆ ಕಪ್ಪು ಮಚ್ಚೆಗಳು. ಕಣ್ಣಿನ ಪಾಪೆ ದುಂಡು. ಮೀನು, ಕಪ್ಪೆ ಇದರ ಊಟ. ಕೆಣಕಿದರೆ ಕಚ್ಚುವುದರಲ್ಲಿ ಬಲು ಚುರುಕು, ರಕ್ತವೂ ಬರುತ್ತದೆ, ಆದರೆ ಪ್ರಾಣಕ್ಕೆ ಅಪಾಯವಿಲ್ಲ.

ಇದೇ ಬಳಗದ ಇನ್ನೊಂದು ಹಾವು, ಮರಾಠಿಯ ನಾನೇಟಿ. ಬೆನ್ನುದ್ದಕ್ಕೂ ಎರಡು ಹಳದಿ ಪಟ್ಟೆಗಳುಳ್ಳ ಚಿಕ್ಕ ಸಾಧು ಪ್ರಾಣಿ. ಮೂರನೆಯದು ಹುಲ್ಲಿನ ಬಣ್ಣದ ಗವತ್ಯಾ. ನೆಲಗಪ್ಪೆಯೇ ಇದಕ್ಕೆ ಮೃಷ್ಟಾನ್ನ. ಇದನ್ನು ಶಾಸ್ತ್ರಜ್ಞರು ಈಗ ರ‍್ಯಾಬ್ಡೋಫಿಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಆ ಕುಲದ ಕಥೆಯನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇವೆ.

ಎರಡನೆಯ ತಪ್ಪು ಮರುವರ್ಷದ್ದು. ಮಕ್ಕಳು ಒಂದು ನೀರೊಳ್ಳೆಯ ಮರಿಯನ್ನು ಡಬ್ಬಿಯಲ್ಲಿ ತಂದು, 'ವಿಷವಿಲ್ಲವಲ್ಲ, ಸಾಕೋಣ' ಎಂದರು. ಹಿಂದಿನ ವರ್ಷದ ಪಾಪಕ್ಕೆ ಇದು ಪ್ರಾಯಶ್ಚಿತ್ತವೆಂದು ನಾವೂ ಒಪ್ಪಿದೆವು. ನೀರುಹಾವಲ್ಲವೆ? ಗಾಜಿನ ತೊಟ್ಟಿಯ ತುಂಬ ನೀರಿಟ್ಟೆವು. ಅಲ್ಲಿಯೇ ಕೆಟ್ಟಿತು. ನೀರುಹಾವಿಗೂ ಮೈ ಒಣಗಿಸಿಕೊಳ್ಳಲು ಬೆಚ್ಚನೆಯ ನೆಲ ಬೇಕು. ಸದಾ ಒದ್ದೆಯಲ್ಲಿದ್ದರೆ ಹೊಟ್ಟೆಯ ಮೇಲೆ ಬೊಕ್ಕೆಗಳೇಳುತ್ತವೆ. ಕೆಲವು ಜಾತಿಯ ಮೀನುಗಳಲ್ಲಿ ಬಿ-1 ಜೀವಸತ್ವವನ್ನು ಕೆಡಿಸುವ ಗುಣವುಂಟು. ಅವನ್ನೇ ತಿನ್ನಿಸುತ್ತ ಹೋದರೆ ಹಾವಿಗೆ ನಡುಕ ಬರುತ್ತದೆ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ನಮ್ಮ ಮರಿ ಗಾಜಿಗೆ ಮೂತಿ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡು, ಊಟ ಬಿಟ್ಟು, ಇಪ್ಪತ್ತು ದಿನಗಳಲ್ಲಿ ಸತ್ತಿತು. ಕೋಲಿನಿಂದ ಕೊಂದದ್ದು ಒಂದು, ಅಕ್ಕರೆಯಿಂದ ಕೊಂದದ್ದು ಇನ್ನೊಂದು. ಮಕ್ಕಳು ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ.

ಈಗ ರ‍್ಯಾಬ್ಡೋಫಿಸ್ ಕಥೆ. ಜಪಾನಿನಲ್ಲಿ ಯಾಮಾಕಾಗಾಶಿ ಎಂಬ ಕೀಲ್‌ಬ್ಯಾಕ್ ಹಾವುಂಟು. ಬಹುಕಾಲ ಅದನ್ನು ನಿರಪಾಯವೆಂದೇ ಎಣಿಸಿದ್ದರು. ಅದರ ವಿಷದ ಹಲ್ಲು ಬಾಯಿಯ ಹಿಂಭಾಗದಲ್ಲಿದೆ. ಚೆನ್ನಾಗಿ ಕಚ್ಚಿ ಹಿಡಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಹೋಗುತ್ತದೆ. 1984ರಲ್ಲಿ ಅಲ್ಲಿ ಒಬ್ಬ ಶಾಲಾಬಾಲಕ ಹೀಗೆಯೇ ತೀರಿಕೊಂಡ. ನಮ್ಮ ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯದವರೆಗೆ ಇರುವ ಕೆಂಪು ಕುತ್ತಿಗೆಯ ಕೀಲ್‌ಬ್ಯಾಕನ್ನು ಪರದೇಶಗಳ ಸಾಕುಪ್ರಾಣಿಯ ಅಂಗಡಿಗಳಲ್ಲಿ ನಿರ್ವಿಷವೆಂದು ಮಾರುತ್ತಿದ್ದ ಕಾಲವಿತ್ತು. ಅದು ಕಚ್ಚಿದವರು ಆಸ್ಪತ್ರೆ ಸೇರಿದ ಮೇಲೆ ಕಣ್ಣು ತೆರೆಯಿತು. ನಮ್ಮಲ್ಲಿ ನಾಲ್ಕು ಮುಖ್ಯ ವಿಷಸರ್ಪಗಳಿಗಾಗಿ ತಯಾರಾಗುವ ಪ್ರತಿವಿಷವು ಇದಕ್ಕೆ ಮದ್ದಲ್ಲ.

ಮತ್ತೊಂದು ಸೋಜಿಗ. ಯಾಮಾಕಾಗಾಶಿ ತಾನು ತಿಂದ ನೆಲಗಪ್ಪೆಯ ವಿಷವನ್ನು ಕುತ್ತಿಗೆಯ ಗ್ರಂಥಿಗಳಲ್ಲಿ ಕೂಡಿಟ್ಟು, ಶತ್ರುವಿಗೆ ಉಣಿಸುತ್ತದೆ. ನೆಲಗಪ್ಪೆಯೇ ಇಲ್ಲದ ಕಿಂಕಾಸಾನ್ ದ್ವೀಪದ ಹಾವುಗಳಲ್ಲಿ ಆ ವಿಷವಿಲ್ಲವೆಂದು ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದರು. ಹಾವು ಎಂಬುದು ತನ್ನ ಗದ್ದೆ, ಕೆರೆ, ಕಪ್ಪೆಗಳೊಡನೆ ಸೇರಿಯೇ ಹಾವು. ಗಾಜಿನ ಪೆಟ್ಟಿಗೆಯಲ್ಲಿ ಉಳಿಯುವುದು ಅದರ ಅರ್ಧವೇ.

ಕೊನೆಯದಾಗಿ ಕಾನೂನಿನ ಮಾತು. ನೀರೊಳ್ಳೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿದೆ. ಅದನ್ನು ಹಿಡಿಯುವುದು, ಸಾಕುವುದು, ಕೊಲ್ಲುವುದು ಅಪರಾಧ. ನಮ್ಮ ಎರಡು ತಪ್ಪುಗಳೂ ಈ ಲೆಕ್ಕದಲ್ಲಿ ಅಪರಾಧಗಳೇ ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಆದುದರಿಂದ ಮಕ್ಕಳೆ, ಸಾಕುವ ಆಸೆಯಿದ್ದರೆ ಗುರುತನ್ನು ಸಾಕಿರಿ. ಮಳೆಗಾಲದಲ್ಲಿ ಕೆರೆಯ ದಡದಿಂದ ದೂರ ನಿಂತು ನೋಡಿ, ಚಿತ್ರ ಬರೆದು ತನ್ನಿ. ವಾಚನಾಲಯದ ಹಲಗೆಯ ಮೇಲೆ ಹಚ್ಚೋಣ. ಹಿರಿಯರೆ, ಮನೆಗೆ ಹಾವು ಬಂದರೆ ಕೋಲು ಹುಡುಕುವ ಬದಲು ಅರಣ್ಯ ಇಲಾಖೆಗೆ ಫೋನು ಮಾಡಿ. ಯಾರಿಗಾದರೂ ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಬೇಡ. ಜಾತಿಯ ಚರ್ಚೆಯೂ ಬೇಡ. ನೇರವಾಗಿ ಆಸ್ಪತ್ರೆಗೆ ಒಯ್ಯಿರಿ.

ಕಳೆದ ಮಳೆಗಾಲದಲ್ಲಿ ಅದೇ ಮೋರಿಯಿಂದ ಮತ್ತೊಂದು ನೀರೊಳ್ಳೆ ಬಂತು. ಕಣ್ಣಿನ ಕೆಳಗಿನ ಎರಡು ಗೆರೆಗಳನ್ನು ಮೊದಲು ಕಂಡದ್ದು ನಮ್ಮ ಚಾಳಿನ ಹುಡುಗಿಯೊಬ್ಬಳು. ನಾವೆಲ್ಲ ದೂರ ಸರಿದು ದಾರಿ ಬಿಟ್ಟೆವು. ಅದು ತನ್ನ ಪಾಡಿಗೆ ಹೋಯಿತು. ನಮ್ಮ ಭಾಷಣದ ಸಾರವೆಲ್ಲ ಅಷ್ಟೆ.