ಪೊರೆಯ ಕೊಬ್ಬು, ಯಕೃತ್ತಿನ ಗಡ್ಡೆ



ಯಕೃತ್ತಿನ ಕ್ಯಾನ್ಸರ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಮದ್ಯ ಮತ್ತು ಹೆಪಟೈಟಿಸ್ ವೈರಸ್. ಎರಡೂ ನಿಜವಾದ ಕಾರಣಗಳೇ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 8.66 ಲಕ್ಷ ಜನರಲ್ಲಿ ಈ ಕಾಯಿಲೆ ಹೊಸದಾಗಿ ಕಾಣಿಸಿತು. ಅದೇ ವರ್ಷ ಸುಮಾರು 7.58 ಲಕ್ಷ ಜನ ಇದರಿಂದ ತೀರಿಕೊಂಡರು. ಈ ಎರಡು ಸಂಖ್ಯೆಗಳ ನಡುವಿನ ಅಂತರ ಎಷ್ಟು ಕಿರಿದು ಎಂಬುದೇ ಕಾಯಿಲೆಯ ಕ್ರೌರ್ಯವನ್ನು ಹೇಳುತ್ತದೆ. ಕಾರಣ ಯಾವುದೇ ಇರಲಿ, ಗಡ್ಡೆ ಬೆಳೆಯಲು ಒಂದು ವಸ್ತು ಬೇಕೇ ಬೇಕು. ಅದು ಹೊಸ ಕೋಶಪೊರೆ. ಇಂದಿನ ನನ್ನ ಮಾತು ಆ ಪೊರೆಯನ್ನು ಕುರಿತದ್ದು.

ಒಂದು ಜೀವಕೋಶ ಎರಡಾಗಬೇಕಾದರೆ ಅದರ ಪೊರೆಯೂ ಇಮ್ಮಡಿಯಾಗಬೇಕು. ಪೊರೆಯೆಂದರೆ ಎರಡು ಪದರಗಳ ಕೊಬ್ಬು, ಅಂದರೆ ಲಿಪಿಡ್. ದಪ್ಪ ಸುಮಾರು ಐದು ನ್ಯಾನೋಮೀಟರ್. ಎರಡು ಪದರವೆಂಬುದನ್ನು 1925ರಲ್ಲಿ ಡಚ್ ವಿಜ್ಞಾನಿಗಳಾದ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳಿಂದ ಲಿಪಿಡ್ ಬೇರ್ಪಡಿಸಿ ಊಹಿಸಿದರು. ಪೊರೆ ಗಟ್ಟಿ ಗೋಡೆಯಲ್ಲ, ಅದರೊಳಗಿನ ಅಣುಗಳು ಸದಾ ಸರಿದಾಡುತ್ತಿರುತ್ತವೆ ಎಂಬ ಚಿತ್ರವನ್ನು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟರು. ಹೊಸ ಪೊರೆಗೆ ಬೇಕಾದ ಕೊಬ್ಬು ಗಡ್ಡೆಗೆ ಎಲ್ಲಿಂದ ಬರುತ್ತದೆ? 1953ರಲ್ಲಿ ಗ್ರೇಸ್ ಮೆಡಿಸ್ ಮತ್ತು ಸಂಗಡಿಗರು ಗಡ್ಡೆಯ ತೆಳು ಚೂರುಗಳನ್ನು ಪರೀಕ್ಷಿಸಿ, ಗಡ್ಡೆ ತನಗೆ ಬೇಕಾದ ಕೊಬ್ಬಿನಾಮ್ಲಗಳನ್ನು ತಾನೇ ತಯಾರಿಸಿಕೊಳ್ಳಬಲ್ಲದು ಎಂದು ತೋರಿಸಿದರು. ಬೇರೆ ಅಂಗಗಳ ಗಡ್ಡೆ ಈ ವಿದ್ಯೆಯನ್ನು ಹೊಸದಾಗಿ ಕಲಿಯಬೇಕು. ಯಕೃತ್ತಿಗೆ ಕೊಬ್ಬು ತಯಾರಿಸುವುದು ನಿತ್ಯದ ಕಸುಬು. ಅಲ್ಲಿ ಹುಟ್ಟಿದ ಗಡ್ಡೆಗೆ ಆ ಸಲಕರಣೆಯೆಲ್ಲ ಸಿದ್ಧವಾಗಿಯೇ ಸಿಗುತ್ತದೆ.

ಈ ಕಥೆಯಲ್ಲಿ ನನಗೆ ಬಹಳ ಮುಖ್ಯವೆನಿಸುವ ಅಧ್ಯಾಯ 1946ರದ್ದು. ಅಮೆರಿಕದ ಅಲಬಾಮಾದಲ್ಲಿ ಕೋಪ್‌ಲ್ಯಾಂಡ್ ಮತ್ತು ಸಾಲ್ಮನ್ ಇಲಿಗಳಿಗೆ ಕೋಲೀನ್ ಎಂಬ ಪೋಷಕಾಂಶ ಕಡಿಮೆಯಿರುವ ಆಹಾರವನ್ನು ದೀರ್ಘಕಾಲ ಕೊಟ್ಟರು. ಇಲಿಗಳ ಯಕೃತ್ತಿನಲ್ಲಿ ಮೊದಲು ಕೊಬ್ಬು ತುಂಬಿತು, ಬಳಿಕ ಗಡ್ಡೆ ಎದ್ದಿತು. ಯಾವ ವಿಷವನ್ನೂ ಹಾಕಿರಲಿಲ್ಲ. ಕೋಲೀನಿನಿಂದ ತಯಾರಾಗುವ ಫಾಸ್ಫಟಿಡೈಲ್‌ಕೋಲೀನ್ ನಮ್ಮ ಕೋಶಪೊರೆಗಳಲ್ಲಿ ಅತಿ ಹೆಚ್ಚಾಗಿರುವ ಲಿಪಿಡ್. ಯಕೃತ್ತು ಕೊಬ್ಬನ್ನು ರಕ್ತಕ್ಕೆ ಕಳುಹಿಸುವಾಗ ಅದನ್ನು ಸುತ್ತಿಡುವ ಹೊದಿಕೆಯೂ ಇದೇ. ಎಣ್ಣೆ ತುಂಬಲು ಡಬ್ಬಿಯಿಲ್ಲದ ಗಾಣದಂತೆ, ಕೋಲೀನ್ ಸಾಲದಾದಾಗ ಯಕೃತ್ತು ತನ್ನ ಸರಕನ್ನು ತನ್ನಲ್ಲೇ ತುಂಬಿಕೊಳ್ಳುತ್ತದೆ. ಕೋಶಗಳು ಸಾಯುತ್ತವೆ, ಅವುಗಳ ಜಾಗಕ್ಕೆ ಹೊಸವು ಆತುರದಿಂದ ಹುಟ್ಟುತ್ತವೆ, ಆ ಆತುರದಲ್ಲಿ ತಪ್ಪುಗಳು ಸೇರಿಕೊಳ್ಳುತ್ತವೆ.

ಮುಂದೆ ಈ ಪ್ರಯೋಗದ ಬಗ್ಗೆ ಗಂಭೀರ ಸಂಶಯ ಎದ್ದಿತು. ಇಲಿಗಳ ಆಹಾರದಲ್ಲಿ ಕಡಲೆಕಾಯಿ ಹಿಂಡಿ ಇತ್ತು. 1960ರ ದಶಕದಲ್ಲಿ, ಕಡಲೆಕಾಯಿಯ ಮೇಲೆ ಬೆಳೆಯುವ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಪತ್ತೆಯಾದಾಗ, ಗಡ್ಡೆ ತಂದದ್ದು ಆ ವಿಷವೇ ಇರಬಹುದಲ್ಲವೇ ಎಂದು ವಿಜ್ಞಾನಿಗಳು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. 1980ರ ದಶಕದಲ್ಲಿ ವಿಷದ ಸೋಂಕಿಲ್ಲದ ಶುದ್ಧ ಆಹಾರದಿಂದ ಪ್ರಯೋಗವನ್ನು ಮತ್ತೆ ಮಾಡಿದರು. ಗಡ್ಡೆ ಆಗಲೂ ಎದ್ದಿತು. ಒಂದು ಸತ್ಯ ಗಟ್ಟಿಯಾಗಲು ಸುಮಾರು ನಾಲ್ಕು ದಶಕ ಹಿಡಿಯಿತು. ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಪೊರೆಯ ಲಿಪಿಡ್ ಇಟ್ಟಿಗೆ ಮಾತ್ರವಲ್ಲ, ಆದೇಶವೂ ಹೌದು. ಪಿಐ3-ಕೈನೇಸ್ ಎಂಬ ಕಿಣ್ವ ಪೊರೆಯ ಒಳಪದರದ ಒಂದು ಲಿಪಿಡ್‌ಗೆ ಒಂದು ಫಾಸ್ಫೇಟನ್ನು ಹೆಚ್ಚುವರಿಯಾಗಿ ಸೇರಿಸಿದರೆ ಸಾಕು, ಕೋಶಕ್ಕೆ ‘ಬೆಳೆ’ ಎಂಬ ಸಂದೇಶ ಹೋಗುತ್ತದೆ. ಆ ಫಾಸ್ಫೇಟನ್ನು ತೆಗೆದುಹಾಕಿ ಸಂದೇಶವನ್ನು ಅಳಿಸುವುದು ಪಿಟೆನ್ ಎಂಬ ಪ್ರೋಟೀನ್. ಯಕೃತ್ತಿನಲ್ಲಿ ಪಿಟೆನ್ ಇಲ್ಲದಂತೆ ಮಾಡಿದ ಇಲಿಗಳಿಗೆ ಮೊದಲು ಕೊಬ್ಬಿನ ಯಕೃತ್ತು, ಆಮೇಲೆ ಕ್ಯಾನ್ಸರ್ ಬಂತು. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ ಮೈಕೆಲ್ ಹಾಲ್ ಅವರ ತಂಡ 2017ರಲ್ಲಿ ಇನ್ನೂ ಮುಂದಕ್ಕೆ ಹೋಯಿತು. ಎಮ್‌ಟಾರ್‌ಸಿ2 ಎಂಬ ಪ್ರೋಟೀನ್ ಕೂಟ ಅತಿಯಾಗಿ ದುಡಿದಾಗ ಇಲಿಯ ಯಕೃತ್ತಿನಲ್ಲಿ ಎರಡು ಪೊರೆ ಲಿಪಿಡ್‌ಗಳು ಹೆಚ್ಚುತ್ತವೆ: ಗ್ಲೂಕೋಸಿಲ್‌ಸೆರಮೈಡ್ ಮತ್ತು ಮೈಟೊಕಾಂಡ್ರಿಯದ ಪೊರೆಯಲ್ಲಿರುವ ಕಾರ್ಡಿಯೊಲಿಪಿನ್. ಕೊಬ್ಬಿನಾಮ್ಲಗಳ ಅಥವಾ ಗ್ಲೂಕೋಸಿಲ್‌ಸೆರಮೈಡ್ ಸೇರಿದ ಗುಂಪಾದ ಸ್ಫಿಂಗೊಲಿಪಿಡ್‌ಗಳ ತಯಾರಿಕೆಯನ್ನು ತಡೆದಾಗ ಗಡ್ಡೆ ಬೆಳೆಯಲಿಲ್ಲ. ಅಂದರೆ ಕೊಬ್ಬು ಕ್ಯಾನ್ಸರಿನ ಜೊತೆಗೆ ಸುಮ್ಮನೆ ಕಾಣಿಸಿಕೊಂಡದ್ದಲ್ಲ, ಅದನ್ನು ಬೆಳೆಸಿದ್ದೇ ಅದು. ಈ ಪ್ರಯೋಗದ ತೂಕ ಇರುವುದು ಇಲ್ಲಿ.

ನಮ್ಮ ಬೆಂಗಳೂರಿಗೂ ಇಲ್ಲೊಂದು ನಂಟಿದೆ. ಯಕೃತ್ತಿನ ಕ್ಯಾನ್ಸರನ್ನು ಗುರುತಿಸಲು ರೋಗತಜ್ಞರು ನೋಡುವ ಗ್ಲಿಪಿಕಾನ್-3 ಎಂಬ ಪ್ರೋಟೀನ್ ಪೊರೆಯ ಹೊರಮೈಗೆ ಜಿಪಿಐ ಎಂಬ ಲಿಪಿಡ್ ಕೊಂಡಿಯಿಂದ ಅಂಟಿಕೊಂಡಿರುತ್ತದೆ. ಇಂಥ ಕೊಂಡಿಯ ಪ್ರೋಟೀನುಗಳು ಪೊರೆಯ ಮೇಲೆ ಪುಟ್ಟ ಪುಟ್ಟ ಗುಂಪುಗಳಾಗಿ ಸೇರಿರುತ್ತವೆ ಎಂದು 1998ರಲ್ಲಿ ತೋರಿಸಿದವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ರಜತ್ ವರ್ಮಾ ಮತ್ತು ಸತ್ಯಜಿತ್ ಮೇಯರ್. ಅವರ ಕೆಲಸ ಕ್ಯಾನ್ಸರನ್ನು ಉದ್ದೇಶಿಸಿದ್ದಲ್ಲ. ಆದರೂ ಗಡ್ಡೆಯ ಪೊರೆಯನ್ನು ಅರಿಯಲು ಹೊರಟವರು ಇಂಥ ಮೂಲ ವಿಜ್ಞಾನದ ಮೇಲೆಯೇ ಕಾಲೂರಬೇಕು. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಆ ದಾರಿ ಹಿಡಿಯಲಿ ಎಂಬುದು ನನ್ನ ಆಸೆ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ನಾನು ಹೇಳಿದ ಪ್ರಯೋಗಗಳಲ್ಲಿ ಹೆಚ್ಚಿನವು ಇಲಿಗಳ ಮೇಲೆ ನಡೆದವು. ಇವುಗಳನ್ನು ಕೇಳಿ ಯಾರೂ ಅಂಗಡಿಯಿಂದ ಕೋಲೀನ್ ಮಾತ್ರೆ ತಂದು ನುಂಗಬೇಡಿ. ಸ್ವಸ್ಥ ಕೋಶಕ್ಕೂ ಇದೇ ಲಿಪಿಡ್‌ಗಳು ಬೇಕು. ಅವುಗಳ ತಯಾರಿಕೆಯನ್ನು ಗಡ್ಡೆಯಲ್ಲಿ ಮಾತ್ರ ತಡೆಯುವುದೇ ಔಷಧ ಹುಡುಕುವವರ ಮುಂದಿರುವ ಕಠಿಣ ಕೆಲಸ.

ಆದರೆ ಔಷಧಕ್ಕಾಗಿ ಕಾಯದೆ ಇಂದೇ ಮಾಡಬಹುದಾದದ್ದಿದೆ. ಸ್ಕ್ಯಾನಿಂಗ್ ವರದಿಯಲ್ಲಿ ‘ಫ್ಯಾಟಿ ಲಿವರ್’ ಎಂದು ಬರೆದಿದ್ದರೆ, ಎಲ್ಲರಿಗೂ ಇರುವುದೇ ಎಂದು ಅದನ್ನು ಬೀರುವಿನಲ್ಲಿಡಬೇಡಿ. ವೈದ್ಯರಿಗೆ ತೋರಿಸಿ, ತೂಕ, ಸಕ್ಕರೆ ಕಾಯಿಲೆ, ಕುಡಿತ ಮೂರನ್ನೂ ಹಿಡಿತಕ್ಕೆ ತನ್ನಿ. ಬೂಷ್ಟು ಹಿಡಿದ ಕಡಲೆಕಾಯಿಯನ್ನು ಆರಿಸಿ ತಿನ್ನಬೇಡಿ, ಎಸೆಯಿರಿ. ಮನೆಯಲ್ಲಿ ಮಗು ಹುಟ್ಟಿದರೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.