ಚೀಲ ಹೊಟ್ಟೆಯ ಮೇಲೆ, ಭಾರ ಮನಸ್ಸಿನ ಮೇಲೆ



ನಾವೆಲ್ಲ ಮಾತನಾಡಲು ನಾಚುವ ಒಂದು ವಿಷಯವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಕ್ಯಾನ್ಸರ್ ಅಥವಾ ಬೇರೆ ಕಾಯಿಲೆಯಿಂದ ಕರುಳಿನ ಶಸ್ತ್ರಚಿಕಿತ್ಸೆಯಾದಾಗ, ಕೆಲವರಿಗೆ ವೈದ್ಯರು ಹೊಟ್ಟೆಯ ಮೇಲೆ ಸಣ್ಣ ದ್ವಾರ ಮಾಡಿ ಕರುಳನ್ನು ಅಲ್ಲಿಗೆ ತರುತ್ತಾರೆ. ಇದೇ ಸ್ಟೋಮಾ. ಮಲವು ಅಲ್ಲಿ ಅಂಟಿಸಿದ ಚೀಲದಲ್ಲಿ ಸೇರುತ್ತದೆ. ಕೆಲವರಿಗೆ ಇದು ಕೆಲವು ತಿಂಗಳ ಮಾತು, ಕೆಲವರಿಗೆ ಜೀವನವಿಡೀ.

ನನ್ನ ಮಾಮು ಅವರಿಗೆ ಈ ಚಿಕಿತ್ಸೆಯಾಯಿತು. ಗಾಯ ಮಾಗಿತು. ಆದರೆ ಅವರು ಮದುವೆಗಳಿಗೆ ಹೋಗುವುದನ್ನೇ ಬಿಟ್ಟರು. ಒಮ್ಮೆ ದಸ್ತರಖಾನಿನಲ್ಲಿ ಕುಳಿತಿದ್ದಾಗ ಚೀಲದಿಂದ ಸದ್ದು ಬಂತು. ಮಕ್ಕಳು ನಕ್ಕರು. ಬಿ.ಇಡ್. ಓದಿ ಮಕ್ಕಳಿಗೆ ಪಾಠ ಹೇಳುವ ನಾನು ತಲೆ ತಗ್ಗಿಸಿ ಸುಮ್ಮನಿದ್ದೆ. ಮಾಮು ಅರ್ಧ ಊಟಕ್ಕೇ ಎದ್ದರು. ಅಂದಿನಿಂದ ಅವರ ತಟ್ಟೆ ಒಳಕೋಣೆಗೆ ಹೋಯಿತು.

ಆ ದ್ವಾರಕ್ಕೆ ಬಿಗಿಹಿಡಿಯುವ ಸ್ನಾಯುವಿಲ್ಲ. ಸದ್ದನ್ನು ತಡೆಯುವುದು ಅವರ ಕೈಯಲ್ಲಿಲ್ಲ. ಇಷ್ಟನ್ನು ನಾನು ಆ ಮಕ್ಕಳಿಗೆ ಹೇಳಬೇಕಿತ್ತು.

ಡೆನ್ಮಾರ್ಕಿನ ನರ್ಸ್ ಎಲಿಸೆ ಸೋರೆನ್ಸೆನ್ ಅವರ ಸಹೋದರಿಗೂ ಇದೇ ಪಾಡಾಗಿತ್ತು. ಸೋರುವ ಭಯದಿಂದ ಆಕೆ ಜನರ ನಡುವೆ ಬರಲು ಹೆದರುತ್ತಿದ್ದರು. ಎಲಿಸೆ ಸುಮ್ಮನೆ ಕೂರಲಿಲ್ಲ. ಚರ್ಮಕ್ಕೆ ಅಂಟಿಕೊಳ್ಳುವ, ಬಳಸಿ ಎಸೆಯಬಹುದಾದ ಚೀಲದ ಕಲ್ಪನೆಯನ್ನು 1954ರಲ್ಲಿ ಮುಂದಿಟ್ಟರು. ಇಂದು ಲಕ್ಷಾಂತರ ಜನರನ್ನು ಮನೆಯಿಂದ ಹೊರಗೆ ತಂದಿರುವುದು ಅಂಥ ಚೀಲವೇ.

ಕೆಲವು ಮಾತುಗಳನ್ನು ನೆನಪಿಡಿ. ದ್ವಾರ ಕೆಂಪಗೆ, ತೇವವಾಗಿರುವುದು ಸಹಜ. ಕಪ್ಪಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಚೀಲ ಅರ್ಧ ತುಂಬುವುದರೊಳಗೆ ಖಾಲಿ ಮಾಡಬೇಕು. ಗಾಯ ಮಾಗಿದ ಮೇಲೆ ಸ್ನಾನಕ್ಕೆ, ಪ್ರಯಾಣಕ್ಕೆ, ನೌಕರಿಗೆ ಚೀಲ ಅಡ್ಡಿಯಲ್ಲ. ಭಾರ ಎತ್ತುವ ಮೊದಲು ಮಾತ್ರ ವೈದ್ಯರನ್ನು ಕೇಳಬೇಕು. ಸಣ್ಣ ಕರುಳಿನ ದ್ವಾರವಾದರೆ ನೀರು, ಉಪ್ಪು ಹೆಚ್ಚಾಗಿ ಹೊರಹೋಗುತ್ತವೆ. ಆದ್ದರಿಂದ ರೋಜಾ ಇಡುವ ಮುನ್ನವೂ ವೈದ್ಯರ ಸಲಹೆ ಬೇಕೇ ಬೇಕು. ಚೀಲವಿದೆಯೆಂದು ನಮಾಜ್ ಬಿಡಬೇಕಾಗಿಲ್ಲ. ತಡೆಯಲಾಗದ ತೊಂದರೆಯುಳ್ಳವರಿಗೆ ಫಿಕ್ಹ್‌ನಲ್ಲಿ ‘ಮಾಜೂರ್’ ಎಂಬ ರಿಯಾಯಿತಿ ಇದೆ. ವಿವರವನ್ನು ಆಲಿಮರಲ್ಲಿ ಸಂಕೋಚವಿಲ್ಲದೆ ಕೇಳಿ.

ಕೊನೆಗೊಂದು ದಿನ ನನ್ನ ತಟ್ಟೆ ಹಿಡಿದು ಒಳಕೋಣೆಗೆ ಹೋದೆ. ಮಾಮು ಅವರಲ್ಲಿ ಕ್ಷಮೆ ಕೇಳಿದೆ. ಮಕ್ಕಳನ್ನು ಕರೆದು ಎಲ್ಲವನ್ನೂ ತಿಳಿಸಿದೆವು. ಅವರು ಮತ್ತೆ ನಗಲಿಲ್ಲ. ಮಾಮು ಈಗ ನಮ್ಮ ಜೊತೆಯಲ್ಲೇ ಉಣ್ಣುತ್ತಾರೆ.

ವಿದ್ಯಾರ್ಥಿಗಳೇ, ಶಸ್ತ್ರಚಿಕಿತ್ಸೆ ವೈದ್ಯರ ಕೆಲಸ. ಅದರ ನಂತರದ ಬದುಕಿನಲ್ಲಿ ಅರ್ಧ ಪಾಲು ನಮ್ಮ ನಡವಳಿಕೆಯದು. ನಿಮ್ಮ ಮನೆಯಲ್ಲೂ ಇಂಥ ಒಂದು ತಟ್ಟೆ ಒಳಕೋಣೆಯಲ್ಲಿದ್ದರೆ, ಇಂದೇ ಅದನ್ನು ಹೊರಗೆ ತನ್ನಿ.